ತಾಳ ಹಾಕಿ ಕೇಳಿ, ಕಣ್ಣೀರು ಆಮೇಲೆ

ಬಿಲಿ ಹಾಲಿಡೇ ಹಾಡು ಹಾಕಿದ ಕೂಡಲೇ ನಮ್ಮಲ್ಲಿ ಕೆಲವರ ಮುಖ ತಿಥಿಮನೆಗೆ ಬಂದವರ ಹಾಗೆ ಆಗಿಬಿಡುತ್ತದೆ. ‘ಎಂಥ ನೋವಿದೆ ನೋಡಿ ಆ ದನಿಯಲ್ಲಿ’ ಅನ್ನುತ್ತಾರೆ. ಆಮೇಲೆ ಆಕೆಯ ಬಾಲ್ಯ, ಹೊಡೆಯುತ್ತಿದ್ದ ಗಂಡಸರು, ಹೆರಾಯಿನ್, ಜೈಲು ಎಲ್ಲ ಒಂದೊಂದಾಗಿ ಹೊರಬರುತ್ತವೆ. ಅಷ್ಟರಲ್ಲಿ ಮೂರು ನಿಮಿಷದ ಹಾಡು ಮುಗಿದುಹೋಗಿರುತ್ತದೆ. ಫೆಬ್ರುವರಿ ಬಂದರೆ ಅಮೆರಿಕದಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು. ಈಚೆಗೆ ನಮ್ಮ ವಾಟ್ಸಾಪ್ ಗುಂಪುಗಳಿಗೂ ಅದರ ಗಾಳಿ ತಟ್ಟಿದೆ. ಕಿವಿಯ ಪಕ್ಕ ಗಾರ್ಡೀನಿಯಾ ಹೂ ಮುಡಿದ ಬಿಲಿಯ ಫೋಟೊ ಒಂದು, ಅದರ ಕೆಳಗೆ ಅಳುವ ಇಮೋಜಿಗಳ ಸಾಲು. ಹಾಡಿನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ.

ಕಷ್ಟಪಟ್ಟವರೆಲ್ಲ ಬಿಲಿ ಹಾಲಿಡೇ ಆಗುವುದಾದರೆ ಆಕೆ ಬೆಳೆದ ಬಾಲ್ಟಿಮೋರ್ ಊರಿನಲ್ಲಿ ಬೀದಿಗೊಬ್ಬಳು ಇರಬೇಕಿತ್ತು. ಇರಲಿಲ್ಲ. ಯಾಕೆಂದರೆ ಆಕೆಗೆ ಗೊತ್ತಿದ್ದದ್ದು ಒಂದು ವಿದ್ಯೆ. ಆ ವಿದ್ಯೆ ಏನೆಂದು ಕೇಳುವ ತಾಳ್ಮೆ ಇಲ್ಲದವರು ಅದನ್ನು ‘ನೋವು’ ಎಂದು ಕರೆದು ಕೈತೊಳೆದುಕೊಳ್ಳುತ್ತಾರೆ.

ಇನ್ನೊಂದು ಜಾತಿಯ ಕೇಳುಗರಿದ್ದಾರೆ. ಇವರು ರಿಯಾಲಿಟಿ ಶೋಗಳಲ್ಲಿ ತಯಾರಾದವರು. ದನಿ ಎಷ್ಟು ಮೇಲೆ ಹೋಯಿತು ಅನ್ನುವುದೊಂದೇ ಇವರ ಅಳತೆಗೋಲು. 1992ರ ‘ದಿ ಬಾಡಿಗಾರ್ಡ್’ ಚಿತ್ರಕ್ಕೆ ವಿಟ್ನಿ ಹ್ಯೂಸ್ಟನ್ ಹಾಡಿದ ಹಾಡನ್ನು ಇವರು ಕೊನೆಯಿಂದ ಕೇಳುತ್ತಾರೆ: ಡ್ರಮ್ ಒಂದು ಏಟು, ಶ್ರುತಿ ಏರಿಕೆ, ಕೂಗು, ಚಪ್ಪಾಳೆ. ಅದೇ ಹಾಡಿನ ಶುರುವಿನಲ್ಲಿ ಮುಕ್ಕಾಲು ನಿಮಿಷದಷ್ಟು ಹೊತ್ತು ಯಾವ ವಾದ್ಯವೂ ಇಲ್ಲದೆ ಆಕೆ ಒಬ್ಬಳೇ ಹಾಡುತ್ತಾಳೆ. ಎಣಿಸುವುದಕ್ಕೆ ಏನೂ ಇಲ್ಲ, ಆದರೂ ಒಂದೊಂದು ಪದವೂ ತನ್ನ ಜಾಗದಲ್ಲಿ ಬಂದು ಕೂರುತ್ತದೆ. ಚರ್ಚಿನಲ್ಲಿ ಹಾಡಿ ಬೆಳೆದವಳು, ತಾಯಿ ಸಿಸಿ ಹ್ಯೂಸ್ಟನ್ ಅರೀತಾ ಫ್ರಾಂಕ್ಲಿನ್‌ಗೆ ಹಿಂದೆ ನಿಂತು ದನಿ ಕೊಟ್ಟವಳು. ಸುಮ್ಮನೆ ಬಂದದ್ದಲ್ಲ ಅದು. ಆ ಭಾಗವನ್ನು ಮುಂದೆ ಓಡಿಸಿ ಕೂಗಿಗೆ ಕಾಯುವವರಿಗೆ ನಾನು ಹೇಳುವುದೇನೂ ಇಲ್ಲ. ಪಟಾಕಿ ಅಂಗಡಿಗೆ ಹೋಗಲಿ.

ಉಳಿದವರು ಕೂತುಕೊಳ್ಳಿ. ಜಾಝ್ ಅಂದರೇನು, ಬ್ಲೂಸ್ ಎಲ್ಲಿ ಹುಟ್ಟಿತು ಎಂಬುದನ್ನೆಲ್ಲ ನಾನು ಹೇಳುವುದಿಲ್ಲ, ಎಲ್ಲ ಕಡೆ ಸಿಗುತ್ತದೆ. ನನ್ನ ತಗಾದೆ ಒಂದೇ: ಈ ಹೆಂಗಸರು ಕಾಲವನ್ನು ಏನು ಮಾಡುತ್ತಾರೆ, ಅದನ್ನು ಕೇಳಿ.

1937ರ ಜನವರಿ 25ರಂದು ನ್ಯೂಯಾರ್ಕಿನಲ್ಲಿ ಮುದ್ರಣವಾದ ‘ದಿಸ್ ಇಯರ್ಸ್ ಕಿಸಸ್’ ತೆಗೆದುಕೊಳ್ಳಿ. ಅರ್ವಿಂಗ್ ಬರ್ಲಿನ್ ಒಂದು ಸಿನಿಮಾಕ್ಕೆ ಬರೆದದ್ದು. ಬರ್ಲಿನ್‌ನ ಒಳ್ಳೆಯ ಹಾಡುಗಳ ಸಾಲಿಗೆ ನಾನಂತೂ ಅದನ್ನು ಸೇರಿಸುವುದಿಲ್ಲ. ಪಿಯಾನೊ ಟೆಡಿ ವಿಲ್ಸನ್‌ದು. ಗಿಟಾರ್, ಬಾಸ್, ಡ್ರಮ್ ಮೂರೂ ಕೌಂಟ್ ಬೇಸಿಯ ತಂಡದಲ್ಲಿ ಹೆಸರಾದವರವು: ಫ್ರೆಡಿ ಗ್ರೀನ್, ವಾಲ್ಟರ್ ಪೇಜ್, ಜೋ ಜೋನ್ಸ್. ಈ ಮೂವರು ಕೂತರೆ ಎಣಿಕೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಮೊದಲು ಲೆಸ್ಟರ್ ಯಂಗ್ ತನ್ನ ಸ್ಯಾಕ್ಸೊಫೋನಿನಲ್ಲಿ ಮಟ್ಟನ್ನು ನುಡಿಸುತ್ತಾನೆ. ಆಮೇಲೆ ಬಿಲಿ. ಆಗ ಆಕೆಗೆ 21 ವರ್ಷ.

ಈಗ ತೊಡೆಯ ಮೇಲೆ ತಾಳ ಹಾಕಿ. ನಾಲ್ಕು ಎಣಿಕೆಯ ಆವರ್ತ, ಕಷ್ಟವೇನಿಲ್ಲ. ಪದ ಬೀಳಬೇಕು ಎಂದು ನಿಮ್ಮ ಕೈ ಹೇಳುವ ಜಾಗದಲ್ಲಿ ಆಕೆ ಸುಮ್ಮನಿರುತ್ತಾಳೆ. ಬಾಸ್ ಮುಂದೆ ನಡೆದಿರುತ್ತದೆ. ನಿಮಗೆ ಸಣ್ಣ ಗಾಬರಿ. ಆಮೇಲೆ ಏನೂ ಆಗದವಳ ಹಾಗೆ ಬರುತ್ತಾಳೆ, ನಡುವಿನ ಎರಡು ಮೂರು ಪದಗಳನ್ನು ಒಂದಕ್ಕೊಂದು ಒತ್ತಿ ಹೇಳಿ, ಸಾಲಿನ ಕೊನೆಗೆ ಎಲ್ಲರ ಜೊತೆ ಸಮಕ್ಕೆ ಬಂದು ನಿಲ್ಲುತ್ತಾಳೆ. ಕೆಲವು ಸಲ ಅದಕ್ಕೂ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಸಾಲ ಉಳಿಸಿಕೊಳ್ಳುತ್ತಾಳೆ. ಕರ್ನಾಟಕ ಸಂಗೀತ ಕೇಳುವವರು ‘ಅನಾಗತ ಎಡುಪು’ ಎಂದು ತಲೆಯಾಡಿಸಬಹುದು. ಅಷ್ಟು ಬೇಗ ಬೇಡ. ನಮ್ಮಲ್ಲಿ ಅದು ಲೆಕ್ಕ: ಸಮ ಕಳೆದು ಅರ್ಧ ಅಕ್ಷರಕ್ಕೋ ಒಂದೂವರೆಗೋ ಎತ್ತಿಕೊಂಡರೆ ಪ್ರತಿ ಸಲವೂ ಅಲ್ಲೇ ಎತ್ತಿಕೊಳ್ಳಬೇಕು. ಬಿಲಿಯದಕ್ಕೆ ಲೆಕ್ಕ ಬರೆಯಲಾಗದು. ಎರಡನೇ ಸಲ ಅದೇ ಸಾಲು ಬಂದಾಗ ಬೇರೆ ಜಾಗದಲ್ಲಿ ಇಳಿಯುತ್ತಾಳೆ. ಆಕೆಯ ದನಿಯ ಹರವು ಒಂದು ಸ್ಥಾಯಿಗಿಂತ ತುಸು ಹೆಚ್ಚು, ಅಷ್ಟೇ. ಎತ್ತರವಿಲ್ಲ, ಗಾತ್ರವಿಲ್ಲ, ಬಿರ್ಕೆಗಳಿಲ್ಲ. ರಿಯಾಲಿಟಿ ಶೋ ಜಡ್ಜ್‌ಗಳು ಮೊದಲ ಸುತ್ತಿನಲ್ಲೇ ಮನೆಗೆ ಕಳಿಸುತ್ತಿದ್ದರು.

ನನಗೆ ಇದು ತಿಳಿದದ್ದು ಶಿವಮೊಗ್ಗದ ಸೋದರಮಾವನ ಮನೆಯಲ್ಲಿ. ಮಾವನ ಹತ್ತಿರ ಒಂದು ದೊಡ್ಡ ಶಾರ್ಟ್‌ವೇವ್ ರೇಡಿಯೊ ಇತ್ತು. ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲಿಸ್ ಕಾನೋವರ್ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದ. ಇಂಗ್ಲಿಷ್ ಬಾರದವರಿಗೂ ತಿಳಿಯಲಿ ಎಂದು ಬಿಡಿಸಿ ಬಿಡಿಸಿ ಮಾತಾಡುತ್ತಿದ್ದ ಪುಣ್ಯಾತ್ಮ. ಸ್ಟೇಷನ್ ಅಲೆಅಲೆಯಾಗಿ ಹೋಗಿ ಬರುತ್ತಿತ್ತು. ಒಂದು ರಾತ್ರಿ ಪಕ್ಕದ ಮನೆಯ ಮೃದಂಗ ಕಲಿಯುತ್ತಿದ್ದ ಗೆಳೆಯ ಜೊತೆಗಿದ್ದ. ಬಿಲಿ ಹಾಡುತ್ತಿದ್ದಳು. ಇವನ ಬೆರಳು ಅಭ್ಯಾಸಬಲದಿಂದ ಬೆಂಚಿನ ಮೇಲೆ ಎಣಿಸುತ್ತಿತ್ತು. ಎರಡು ಸಾಲು ಆದ ಮೇಲೆ ಎಣಿಸುವುದು ನಿಲ್ಲಿಸಿ ರೇಡಿಯೊಕ್ಕೆ ಕಿವಿ ಹಚ್ಚಿದ. ‘ತಾಳ ತಪ್ಪಿದಳಾ?’ ಅಂದೆ. ‘ಇಲ್ಲ ಮಾರಾಯ, ತಾಳಾನೇ ಕಾಯಿಸ್ತಾ ಇದಾಳೆ’ ಅಂದ. ಒಳಗಿನಿಂದ ಅತ್ತೆ, ಮಲಗಿ ಎಂದು ಗದರುವವರೆಗೂ ಕೇಳಿದೆವು. ಅವನು ಮುಂದೆ ಮೃದಂಗ ಬಿಟ್ಟು ಬ್ಯಾಂಕು ಸೇರಿದ. ನಾನು ಮಾತ್ರ ಈ ಗೀಳಿನಿಂದ ಹೊರಬರಲಿಲ್ಲ.

ಕೇಳುವುದಷ್ಟೇ ಸಾಲದು ಅನ್ನುವವರು 1957ರ ಡಿಸೆಂಬರ್ 8ರಂದು ಸಿಬಿಎಸ್ ಟೆಲಿವಿಷನ್ನಿನಲ್ಲಿ ನೇರ ಪ್ರಸಾರವಾದ ‘ದಿ ಸೌಂಡ್ ಆಫ್ ಜಾಝ್’ ನೋಡಬೇಕು. ಅದರಲ್ಲಿ ಬಿಲಿ ತಾನೇ ಬರೆದ ‘ಫೈನ್ ಆ್ಯಂಡ್ ಮೆಲೊ’ ಹಾಡುತ್ತಾಳೆ. ಹತ್ತು ವರ್ಷದ ಹಿಂದೆ ಮಾದಕ ವಸ್ತುವಿನ ಮೊಕದ್ದಮೆಯಲ್ಲಿ ಶಿಕ್ಷೆಯಾದ ಮೇಲೆ ನ್ಯೂಯಾರ್ಕ್ ಪೊಲೀಸರು ಆಕೆಯ ಪರವಾನಗಿ ಕಿತ್ತುಕೊಂಡಿದ್ದರು. ಮದ್ಯ ಮಾರುವ ಯಾವ ಕ್ಲಬ್ಬಿನಲ್ಲೂ ಹಾಡುವಂತಿರಲಿಲ್ಲ. ಅದೇ ಊರಿನ ಸ್ಟುಡಿಯೋದಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಾಳೆ, ಸುತ್ತ ಬೆನ್ ವೆಬ್‌ಸ್ಟರ್, ಕೋಲ್ಮನ್ ಹಾಕಿನ್ಸ್, ರಾಯ್ ಎಲ್ಡ್ರಿಜ್‌ರಂಥ ಘಟಾನುಘಟಿಗಳು. ಲೆಸ್ಟರ್ ಯಂಗ್ ಕೂಡ ಇದ್ದಾನೆ, ಸೋತುಹೋಗಿದ್ದಾನೆ. ತನ್ನ ಸರದಿಗೆ ಎದ್ದು ಬಂದು ನುಡಿಸುವುದು ಒಂದೇ ಸುತ್ತು: 12 ಆವರ್ತ, ಆವರ್ತಕ್ಕೆ ನಾಲ್ಕರಂತೆ 48 ಎಣಿಕೆ. ಬೇರೆಯವರಾಗಿದ್ದರೆ ಅಷ್ಟರಲ್ಲಿ ನೂರು ಸ್ವರ ತುರುಕುತ್ತಿದ್ದರು. ಇವನು ಬೆರಳೆಣಿಕೆಯ ಉದ್ದ ಸ್ವರಗಳನ್ನು ಇಡುತ್ತಾನೆ, ನಡುವೆ ಬಿಡುತ್ತಾನೆ. ಕ್ಯಾಮೆರಾ ಬಿಲಿಯ ಮುಖಕ್ಕೆ ಬರುತ್ತದೆ. ಆಕೆಯ ತಲೆ ಸಣ್ಣಗೆ ಆಡುತ್ತಿದೆ, ತುಟಿ ಒಳಗೆ ಎಳೆದುಕೊಳ್ಳುತ್ತಾಳೆ, ಹುಬ್ಬು ಏರುತ್ತದೆ, ನಗುತ್ತಾಳೆ. ಇಲ್ಲಿ ‘ಪ್ರೇಮಕಥೆ’ ಹುಡುಕಿ ಪುಟಗಟ್ಟಲೆ ಬರೆದವರಿದ್ದಾರೆ. ನನ್ನ ಕಣ್ಣಿಗೆ ಕಾಣುವುದು ಬೇರೆ: ಅವನು ಯಾವ ಎಣಿಕೆಯಲ್ಲಿ ಸುಮ್ಮನಾದ ಎಂಬುದು ಆಕೆಗೆ ಗೊತ್ತಿದೆ, ಅದರ ಖುಷಿ ಅದು. ಕಛೇರಿಯಲ್ಲಿ ಮುಂದಿನ ಸಾಲಿನ ಹಿರಿಯ ವಿದ್ವಾಂಸರು ‘ಭಲೇ’ ಅನ್ನುವಾಗಿನ ಮುಖ. ಮುಂದಿನ 20 ತಿಂಗಳೊಳಗೆ ಇಬ್ಬರೂ ತೀರಿಕೊಂಡರು.

ಈಗ ಚರ್ಚಿಗೆ ಬನ್ನಿ. ಇಲ್ಲಿ ನಮ್ಮವರು ಮಾಡುವ ಅನಾಹುತವೇ ಬೇರೆ. ಕೆಲವು ವರ್ಷದ ಹಿಂದೆ ಬೆಂಗಳೂರಿಗೆ ಅಮೆರಿಕದಿಂದ ಒಂದು ಗಾಸ್ಪೆಲ್ ವೃಂದ ಬಂದಿತ್ತು. ಹಾಡು ಕಾವೇರಿದಂತೆ ಸಭಿಕರು ಚಪ್ಪಾಳೆ ಶುರು ಮಾಡಿದರು, ಒಂದು ಮತ್ತು ಮೂರನೇ ಎಣಿಕೆಗೆ, ಭಜನೆಗೆ ಹೊಡೆದ ಹಾಗೆ. ವೃಂದದವರು ಎರಡು ಮತ್ತು ನಾಲ್ಕಕ್ಕೆ ಹೊಡೆಯುತ್ತಿದ್ದರು. ಸಭಾಂಗಣದಲ್ಲಿ ಮಳೆಗಾಲದ ಹೆಂಚಿನ ಮೇಲಿನ ಸದ್ದು. ಮುಂದೆ ನಿಂತಿದ್ದ ಹೆಂಗಸು ನಗುತ್ತಲೇ ಕೈ ಎತ್ತಿ ನಿಲ್ಲಿಸಿ, ಒಂದಕ್ಕೆ ಕಾಲು, ಎರಡಕ್ಕೆ ಕೈ ಎಂದು ತೋರಿಸಿಕೊಟ್ಟಳು. ಒಂದು ನಿಮಿಷ ಸರಿಹೋಯಿತು, ಆಮೇಲೆ ಮತ್ತೆ ಅದೇ ರಾಗ. ನನ್ನ ಪಕ್ಕದವರಂತೂ ಎಡಗೈಯಲ್ಲಿ ವಿಡಿಯೊ ಮಾಡುತ್ತ ಬಲಗೈಯಲ್ಲಿ ತೊಡೆ ಬಡಿಯುತ್ತಿದ್ದರು. ದಯವಿಟ್ಟು ಎರಡಕ್ಕೆ ಹೊಡೆಯಿರಿ. ಬರದಿದ್ದರೆ ಸುಮ್ಮನಿರಿ.

ಅರೀತಾ ಫ್ರಾಂಕ್ಲಿನ್ 1972ರ ಜನವರಿ 13 ಮತ್ತು 14ರ ರಾತ್ರಿ ಲಾಸ್ ಏಂಜಲಿಸ್‌ನ ಒಂದು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಹಾಡಿದ್ದು ‘ಅಮೇಝಿಂಗ್ ಗ್ರೇಸ್’ ಹೆಸರಿನಲ್ಲಿ ಆಲ್ಬಮ್ ಆಗಿ ಅದೇ ವರ್ಷ ಬಂತು. ಸಿನಿಮಾ ಬರಲು ದಶಕಗಳೇ ಹಿಡಿದವು. ಚಿತ್ರೀಕರಿಸಿದ ಸಿಡ್ನಿ ಪೊಲಾಕ್ ತಂಡ ಕ್ಲಾಪ್‌ಬೋರ್ಡ್ ಬಳಸಿರಲಿಲ್ಲ, ಹಾಗಾಗಿ ಚಿತ್ರಕ್ಕೂ ಧ್ವನಿಗೂ ತಾಳೆಯಾಗಲಿಲ್ಲ. ತಂತ್ರಜ್ಞಾನ ಬಂದು ಅದು ಸರಿಹೋದ ಮೇಲೆ ಅರೀತಾ ತಾನೇ ನ್ಯಾಯಾಲಯಕ್ಕೆ ಹೋಗಿ ತಡೆದಳು. 2018ರಲ್ಲಿ ಆಕೆ ತೀರಿಕೊಂಡ ಮೇಲಷ್ಟೇ ಜನ ನೋಡಿದರು. ಹಿಂದಿನ ಸಾಲಿನಲ್ಲಿ ಮಿಕ್ ಜ್ಯಾಗರ್ ಕಾಣುತ್ತಾನೆ ಎಂಬುದನ್ನೇ ದೊಡ್ಡ ಸುದ್ದಿ ಮಾಡಿದವರಿದ್ದಾರೆ, ಅವರನ್ನು ಬಿಡಿ. ಆಕೆ ಎರಡು ರಾತ್ರಿಯೂ ಮಾತಾಡುವುದೇ ಇಲ್ಲ ಅನ್ನಬಹುದು. ಮಾತೆಲ್ಲ ಪಾದ್ರಿ ಜೇಮ್ಸ್ ಕ್ಲೀವ್‌ಲ್ಯಾಂಡ್‌ದು. ಶೀರ್ಷಿಕೆಯ ಸ್ತೋತ್ರ ಹತ್ತು ನಿಮಿಷ ಮೀರುತ್ತದೆ, ಅದಕ್ಕೆ ತಾಳವೇ ಇಲ್ಲ. ದಾಸರ ಉಗಾಭೋಗ ಕೇಳಿದ ಕಿವಿಗೆ ಇದು ಬೇಗ ಒಗ್ಗುತ್ತದೆ. ಒಂದು ಪದ ತೆಗೆದುಕೊಂಡು ಏರುತ್ತಾಳೆ, ಇಳಿಯುತ್ತಾಳೆ, ಉಸಿರಿಗೆ ನಿಲ್ಲುತ್ತಾಳೆ. ಆ ನಿಲುಗಡೆಯಲ್ಲಿ ಸಭೆ ‘ಹೌದು’, ‘ಹಾಡಮ್ಮ’ ಎಂದು ಕೂಗುತ್ತದೆ. ಎಷ್ಟು ಹೊತ್ತು ಬಿಟ್ಟರೆ ಎಷ್ಟು ಕೂಗು ಬರುತ್ತದೆ ಎಂದು ಆಕೆಗೆ ಗೊತ್ತು. ಪಾದ್ರಿಯ ಮಗಳಲ್ಲವೇ. ಅರ್ಧದಲ್ಲಿ ಕ್ಲೀವ್‌ಲ್ಯಾಂಡ್ ಪಿಯಾನೊ ಬಿಟ್ಟು ಕೂತು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಳ್ಳುತ್ತಾನೆ. ಅಲ್ಲಿ ನೀವೂ ಅಳಬಹುದು, ನನ್ನ ಅಡ್ಡಿಯಿಲ್ಲ.

ಚರ್ಚಿನ ಆ ರಾತ್ರಿಗಳಾಗಿ ಎರಡು ವಾರ ಕಳೆಯುವುದರೊಳಗೆ ಗಾಸ್ಪೆಲ್ ಗಾಯಕಿ ಮಹಾಲಿಯಾ ಜಾಕ್ಸನ್ ತೀರಿಕೊಂಡಳು. ಶಿಕಾಗೋದ ಅಂತ್ಯಸಂಸ್ಕಾರದಲ್ಲಿ ಹಾಡಿದವಳು ಅರೀತಾ. ಮಹಾಲಿಯಾ 1971ರಲ್ಲಿ ಭಾರತಕ್ಕೆ ಬಂದಿದ್ದಳು. ದೆಹಲಿಯಲ್ಲಿ ಇಂದಿರಾ ಗಾಂಧಿ ಕೇಳಿದರು, ಮದರಾಸಿನಲ್ಲೂ ಹಾಡಿದಳು. ಬೆಂಗಳೂರಿನಿಂದ ಒಂದು ರಾತ್ರಿಯ ರೈಲಿನ ದಾರಿ! ಹೋಗಿದ್ದೆ ಎಂದು ಹೇಳುವ ಒಬ್ಬ ಕನ್ನಡಿಗರೂ ನನಗೆ ಈವರೆಗೆ ಸಿಕ್ಕಿಲ್ಲ.

ಆ ಮಹಾಲಿಯಾ ಹುಡುಗಿಯಾಗಿ ನ್ಯೂ ಆರ್ಲಿಯನ್ಸ್‌ನಲ್ಲಿ ಕದ್ದು ಕೇಳುತ್ತಿದ್ದದ್ದು ಬೆಸ್ಸಿ ಸ್ಮಿತ್‌ಳ ಪ್ಲೇಟುಗಳನ್ನು. ಬೆಸ್ಸಿಯ 1925ರ ‘ಸೇಂಟ್ ಲೂಯಿಸ್ ಬ್ಲೂಸ್’ ಒಂದನ್ನಾದರೂ ಕೇಳಿ. ಡ್ರಮ್ ಇಲ್ಲ, ಬಾಸ್ ಇಲ್ಲ. ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್, ಜೊತೆಗೆ ಹಾರ್ಮೋನಿಯಂ! ಕಂಪನಿ ನಾಟಕದ ಲೆಗ್ ಹಾರ್ಮೋನಿಯಂ ಕೇಳಿ ಬೆಳೆದವರಿಗೆ ಆ ಎಳೆತ ಪರಿಚಿತ. ಮೈಕ್ ಇಲ್ಲದ ಕಾಲದ ಮುದ್ರಣ, ಕೊಂಬಿನೊಳಕ್ಕೆ ಹಾಡಿದ್ದು, ಆದರೂ ಒಂದು ಪದವೂ ಮುಕ್ಕಾಗಿಲ್ಲ.

ನೀನಾ ಸಿಮೋನ್ ಬಗ್ಗೆ ಬೇರೆಯೇ ಬರೆಯಬೇಕು, ಬಾಕ್ ನುಡಿಸಿ ಬೆಳೆದ ಬೆರಳು ಅದು. ಸಿಸ್ಟರ್ ರೊಸೆಟ್ಟಾ ಥಾರ್ಪ್ 1964ರಲ್ಲಿ ಮ್ಯಾಂಚೆಸ್ಟರಿನ ಪಾಳುಬಿದ್ದ ರೈಲು ನಿಲ್ದಾಣದಲ್ಲಿ ಮಳೆಯ ನಡುವೆ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡಿದ ಟಿವಿ ತುಣುಕನ್ನು ಯಾರ ಶಿಫಾರಸೂ ಇಲ್ಲದೆ ನೋಡಬಹುದು. ಹೇಝಲ್ ಸ್ಕಾಟ್ ಹೆಸರು ಮಾತ್ರ ಬರೆದಿಟ್ಟುಕೊಳ್ಳಿ. ಎರಡು ಪಿಯಾನೊಗಳ ನಡುವೆ ಕೂತು ಒಂದೊಂದು ಕೈಯಲ್ಲಿ ಒಂದೊಂದನ್ನು ನುಡಿಸುತ್ತಿದ್ದಳು. ‘ದಿ ಹೀಟ್ಸ್ ಆನ್’ ಸಿನಿಮಾದಲ್ಲಿ, ಯುದ್ಧಕ್ಕೆ ಹೊರಟ ಕಪ್ಪು ಸೈನಿಕರನ್ನು ಬೀಳ್ಕೊಡುವ ಹೆಂಗಸರಿಗೆ ಕೊಳಕು ಏಪ್ರನ್ ತೊಡಿಸಿದ್ದಕ್ಕೆ ಮೂರು ದಿನ ಚಿತ್ರೀಕರಣ ನಿಲ್ಲಿಸಿ ಕೂತಳು. ಹಾಲಿವುಡ್ ಆಮೇಲೆ ಹತ್ತಿರ ಸೇರಿಸಲಿಲ್ಲ. 1950ರಲ್ಲಿ ಡ್ಯೂಮಾಂಟ್ ಜಾಲದಲ್ಲಿ ಆಕೆಯದೇ ಹೆಸರಿನ ಟಿವಿ ಕಾರ್ಯಕ್ರಮ ಬಂತು, ಅಮೆರಿಕದಲ್ಲಿ ಅಂಥದ್ದು ಸಿಕ್ಕ ಮೊದಮೊದಲ ಕಪ್ಪು ಹೆಂಗಸರಲ್ಲಿ ಆಕೆ ಒಬ್ಬಳು. ಕಮ್ಯುನಿಸ್ಟ್ ಎಂಬ ಗುಮಾನಿಯ ಪಟ್ಟಿಯಲ್ಲಿ ಹೆಸರು ಸೇರಿ ಕೆಲವೇ ತಿಂಗಳಲ್ಲಿ ನಿಂತುಹೋಯಿತು.

ಭಜನೆಯ ಕಿವಿಯವರಿಗೆ ಆಲಿಸ್ ಕೋಲ್ಟ್ರೇನ್ ಇದ್ದಾಳೆ. ಡೆಟ್ರಾಯಿಟ್‌ನ ಚರ್ಚುಗಳಲ್ಲಿ ನುಡಿಸುತ್ತ ಬೆಳೆದವಳು, ಸ್ವಾಮಿ ಸಚ್ಚಿದಾನಂದರ ಜೊತೆ ಭಾರತಕ್ಕೆ ಬಂದುಹೋದವಳು, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಆಶ್ರಮ ಕಟ್ಟಿ ಸಂಸ್ಕೃತ ಭಜನೆಗಳನ್ನು ಆರ್ಗನ್ನಿನ ಜೊತೆ ಹಾಡಿ ಕ್ಯಾಸೆಟ್ ತಂದವಳು. ಎರಡಕ್ಕೆ ಚಪ್ಪಾಳೆಯೋ ಒಂದಕ್ಕೋ ಎಂಬ ನನ್ನ ತಕರಾರು ಆ ಕ್ಯಾಸೆಟ್ಟುಗಳ ಮುಂದೆ ನಡೆಯುವುದಿಲ್ಲ.

ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ 1937ರ ಬಿಲಿ. ನನ್ನ ಗೆಳೆಯರಲ್ಲಿ ಒಬ್ಬರು, ಕವಿ, ‘ಲೇಡಿ ಇನ್ ಸ್ಯಾಟಿನ್’ನಿಂದಲೇ ಶುರು ಮಾಡಬೇಕು ಎಂದು ಪ್ರತಿ ಸಲ ಹಟ ಹಿಡಿಯುತ್ತಾರೆ. ಬಿಲಿಯ 1958ರ ಆಲ್ಬಮ್, ರೇ ಎಲ್ಲಿಸ್‌ನ ಪಿಟೀಲುಗಳ ದಂಡು, ನಡುವೆ ಹರಿದುಹೋದ ದನಿ. ನೋವಿನ ಗಿರಾಕಿಗಳಿಗೆ ಹಬ್ಬ. ನಾನು ಕೊನೆಗೆ ಕೇಳಿ ಅನ್ನುತ್ತೇನೆ, ಅದೂ ತಾಳ ಹಾಕಿಕೊಂಡು. ಆ ಪಿಟೀಲುಗಳು ಸಮಕ್ಕೆ ಬಂದು ಕಾಯುತ್ತವೆ, ಈಕೆ ಇನ್ನೂ ಬಂದಿರುವುದಿಲ್ಲ. ಕವಿಗಳಿಗೆ ಇದನ್ನು ಹೇಳಿದರೆ ತಾಳ ಹಾಕಲು ಕೂತರೆ ಹಾಡು ಸತ್ತುಹೋಗುತ್ತದೆ ಅನ್ನುತ್ತಾರೆ. ಮೃದಂಗದ ಮುಂದೆ ಕೂರಿಸಬೇಕು ಅವರನ್ನು ಒಂದು ವರ್ಷ.