ಕಣದ ಮೇಲಿನ ಗರಿಕೆ

ಮೃಗಶಿರ ಹುಟ್ಟಿ ನಾಲ್ಕು ದಿನವಾಯಿತು. ಹಾಸನ ಕಡೆಯ ನಮ್ಮ ಕಟ್ಟಾಯದ ಸುತ್ತ ಆಲೂಗೆಡ್ಡೆ ಬಿತ್ತಿದವರು ಮೊಳಕೆ ಮೇಲೆ ಬಂತೇ ಎಂದು ಸಾಲಿಗೆ ಬಗ್ಗಿ ನೋಡುತ್ತಿದ್ದಾರೆ. ನಾನು ಮನೆ ಮುಂದಿನ ಒಂದು ಗುಂಟೆ ಹುಲ್ಲಿನ ಮೇಲೆ ನಿಂತು ಕಬ್ಬಿಣದ ಪೈಪು ತುಳಿಯುತ್ತಿದ್ದೇನೆ. ಮೊನ್ನೆ ಡೇರಿಗೆ ಹಾಲು ಹಾಕಲು ಹೊರಟವರೊಬ್ಬರು ಬೇಲಿಯಾಚೆ ನಿಂತು, "ಏನ್ ಮೇಷ್ಟ್ರೆ, ಬೋರ್ ಪಾಯಿಂಟ್ ನೋಡ್ತಿದ್ದೀರಾ?" ಎಂದರು. ಹುಲ್ಲಿಗೆ ಉಸಿರಾಡಲು ತೂತು ಕೊರೆಯುತ್ತಿದ್ದೇನೆ ಎಂದೆ. "ನಾವು ಹೊಲದಲ್ಲಿ ಗರಿಕೆ ಕೀಳಕ್ಕೆ ಕೂಲಿ ಕೊಡ್ತೀವಿ, ನೀವು ಅದನ್ನ ಬೆಳೆಸಕ್ಕೆ ಕೊಡ್ತೀರಿ. ಒಂದು ಗಾಡಿ ಕಳಿಸ್ಲಾ?" ಎಂದು ನಗುತ್ತಾ ಹೋದರು.

ಅವರು ನಕ್ಕಿದ್ದರಲ್ಲಿ ಒಂದು ಒಗಟಿದೆ. ಹೊಲದಲ್ಲಿ ಬೇಡವೆಂದರೂ ಬರುವ ಗರಿಕೆ, ಮನೆ ಮುಂದೆ ನೀರು ಗೊಬ್ಬರ ಕೊಟ್ಟು ಓಲೈಸಿದರೂ ಮೂರನೇ ವರ್ಷಕ್ಕೆ ಅಲ್ಲಲ್ಲಿ ಬೋಳಾಗುತ್ತದೆ. ಯಾಕೆ? ಹೊಲವನ್ನು ವರ್ಷವರ್ಷ ಉಳುತ್ತೇವೆ, ಅಂಗಳವನ್ನು ವರ್ಷವಿಡೀ ತುಳಿಯುತ್ತೇವೆ. ಅಷ್ಟೇ.

ನಮ್ಮ ಅಂಗಳಕ್ಕಂತೂ ಇನ್ನೂ ಹಳೆಯ ಚರಿತ್ರೆಯಿದೆ. ಅಲ್ಲಿ ಮೊದಲು ಕಣವಿತ್ತು. ಸುಗ್ಗಿ ಹತ್ತಿರ ಬಂದಾಗ ಹುಲ್ಲು ಹೆರೆದು, ನೀರು ಚಿಮುಕಿಸಿ, ದಮ್ಮಸ್ಸು ಮಾಡಿ, ಮೇಲೆ ಸಗಣಿ ಬಗ್ಗಡ ಸಾರಿಸಿ ಒಣಗಿಸುತ್ತಿದ್ದರು. ಆಮೇಲೆ ಎತ್ತು ಕಟ್ಟಿ ರೋಣಗಲ್ಲು ಉರುಳಿಸುವುದು. ಒಂದು ಕಾಳು ರಾಗಿಯೂ ಮಣ್ಣಿಗೆ ಇಳಿಯಬಾರದು ಎಂಬುದೇ ಕಣ ಮಾಡುವವರ ಜಾಣ್ಮೆ. ಈಗ ಒಕ್ಕಣೆ ಯಂತ್ರಕ್ಕೂ ಡಾಂಬರು ರಸ್ತೆಗೂ ಹೋಗಿದೆ. ಕಣಗಳ ಮೇಲೆ ಮನೆಗಳೆದ್ದಿವೆ, ಮನೆಗಳ ಮುಂದೆ ಲಾನು ಬಂದಿದೆ. ಕಾಳು ಇಳಿಯಬಾರದೆಂದು ತಲೆಮಾರುಗಟ್ಟಲೆ ಗಟ್ಟಿ ಮಾಡಿದ ನೆಲದಲ್ಲಿ ಬೇರು ಇಳಿಯಲಿ ಎಂದು ನಾವು ಹಾರೈಸುತ್ತೇವೆ. ಹುಲ್ಲು ಕಂದಿದರೆ ಅಂಗಡಿಗೆ ಹೋಗಿ ಒಂದು ಕಿಲೋ ಯೂರಿಯಾ ತರುತ್ತೇವೆ. ಹದಿನೈದು ದಿನ ಕಡುಹಸಿರು, ಆಮೇಲೆ ಯಥಾಪ್ರಕಾರ.

ನೆಲದ ಹದ ತಿಳಿಯಲು ಪ್ರಯೋಗಾಲಯ ಬೇಡ. ಒಂದು ಒಳ್ಳೆಯ ಮಳೆಯಾದ ಮರುದಿನ ಉದ್ದನೆಯ ಸ್ಕ್ರೂಡ್ರೈವರನ್ನು ಅಂಗೈಯಿಂದ ಒತ್ತಿ ನೋಡಿ. ನಾಲ್ಕು ಬೆರಳು ಸಲೀಸಾಗಿ ಇಳಿದರೆ ಈ ಬರಹ ನಿಮಗಲ್ಲ, ಕಾಫಿ ಕುಡಿದು ಪುಟ ತಿರುವಿ. ಎರಡು ಬೆರಳಿಗೇ ನಿಂತರೆ ನಿಮ್ಮ ಲಾನಿನ ಕೆಳಗೂ ಒಂದು ಕಣವಿದೆ.

ನನಗೆ ಇದು ತಿಳಿದದ್ದು ತಪ್ಪು ಮಾಡಿದ ಮೇಲೆಯೇ. ಮೊದಲು ಆನ್‌ಲೈನಿನಲ್ಲಿ ಮೊಳೆ ಹೊಡೆದ ಚಪ್ಪಲಿ ತರಿಸಿದೆ. ಬೂಟಿನ ಮೇಲೆ ಅದನ್ನು ಬಿಗಿದುಕೊಂಡು ಲಾನಿನ ಮೇಲೆ ಓಡಾಡಿದರೆ ಸಾಕು, ಗಾಳಿ ಆಡುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ನಾಲ್ಕನೇ ಹೆಜ್ಜೆಗೆ ಮೊಳೆ ಮಣ್ಣಲ್ಲಿ ಕಚ್ಚಿಕೊಂಡು ಚಪ್ಪಲಿ ನೆಲದಲ್ಲೇ ಉಳಿಯಿತು, ನಾನು ಮುಂದಕ್ಕೆ ಬಿದ್ದೆ. ಬಿದ್ದದ್ದು ದೊಡ್ಡದಲ್ಲ. ಮೊಳೆ ಮಣ್ಣನ್ನು ಹೊರಗೆ ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ. ತೂತಿನ ಸುತ್ತ ನೆಲ ಇನ್ನಷ್ಟು ಗಟ್ಟಿಯಾಗುತ್ತದೆ. ಬೇಕಾದದ್ದು ಟೊಳ್ಳು ಪೈಪು. ಅದು ಮಣ್ಣಿನ ಒಂದು ಕಡ್ಡಿಯನ್ನೇ ಕಿತ್ತು ಮೇಲಕ್ಕೆ ತರುತ್ತದೆ, ಕೆಳಗೆ ಖಾಲಿ ಜಾಗ ಉಳಿಯುತ್ತದೆ. ಹಾಸನದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಅರ್ಧ ಇಂಚಿನ ಎರಡು ಜಿಐ ಪೈಪುಗಳ ತುದಿಯನ್ನು ಓರೆಯಾಗಿ ಕುಯ್ಯಿಸಿ, ನಡುವೆ ಅರ್ಧ ಅಡಿ ಬಿಟ್ಟು, ಮೇಲೆ ಕಾಲಿಡಲು ಪಟ್ಟಿ, ಹಿಡಿಯಲು ಅಡ್ಡಗೋಲು ಹಾಕಿಸಿದೆ. ನಾಲ್ಕು ವರ್ಷದಿಂದ ಅದೇ ನನ್ನ ಯಂತ್ರ.

ಮೊದಲ ಸಲ ಹೊರಬಂದ ಮಣ್ಣಿನ ಕಡ್ಡಿ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ತೋರುಬೆರಳಿನಷ್ಟು ಉದ್ದ. ತಲೆಯಲ್ಲಿ ಅರ್ಧ ಬೆರಳು ದಪ್ಪದ ಒಣಹುಲ್ಲಿನ ಕಂದು ಮೆತ್ತೆ, ತೆಂಗಿನ ನಾರಿನಂತೆ ಹೆಣೆದುಕೊಂಡಿತ್ತು. ಅದರ ಕೆಳಗೆ ಒಂದಿಷ್ಟು ಬಿಳಿ ಬೇರು. ಆಮೇಲೆ ಚಾಕುವಿನಲ್ಲಿ ಗೆರೆ ಎಳೆದಂತೆ ಬೇರು ನಿಂತುಬಿಟ್ಟಿತ್ತು. ಕೆಳಗೆಲ್ಲ ನುಣುಪಾದ ಕೆಮ್ಮಣ್ಣು. ಉಗುರಿನಿಂದ ಕೆರೆದರೆ ಇಟ್ಟಿಗೆ ಪುಡಿಯಂತೆ ಉದುರಿತು. ಒಂದೇ ಒಂದು ಎರೆಹುಳುವಿನ ದಾರಿಯಿಲ್ಲ. ಡಾರ್ವಿನ್ ಸಾಯುವ ಹಿಂದಿನ ವರ್ಷ, 1881ರಲ್ಲಿ, ಎರೆಹುಳುವಿನ ಮೇಲೆ ಒಂದು ಇಡೀ ಪುಸ್ತಕ ಬರೆದ. ಇಂಗ್ಲೆಂಡಿನ ಎಷ್ಟೋ ಕಡೆ ಎಕರೆಗೆ ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಮಣ್ಣು ಹುಳುಗಳ ಹೊಟ್ಟೆಯ ಮೂಲಕ ಹಾದು ಮೇಲೆ ಬರುತ್ತದೆ ಎಂದು ಅವನ ಲೆಕ್ಕ. ಕೂಲಿಯಿಲ್ಲದೆ ನೆಲ ಉಳುವ ಅಂಥ ಆಳನ್ನು ನಾವು ಬಾಗಿಲು ಹಾಕಿ ಹೊರಗಿಟ್ಟಿದ್ದೆವು.

ಕೆಲಸದ ಲೆಕ್ಕ ಹೀಗೆ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಅರ್ಧ ಅಡಿಗೊಂದು ತೂತು ಎಂದರೆ 66 ಸಾಲು, ಸಾಲಿಗೆ 66. ಒಟ್ಟು 4,356 ತೂತು. ನನ್ನದು ಜೋಡಿ ಪೈಪಾದ್ದರಿಂದ 2,178 ಸಲ ತುಳಿಯಬೇಕು. ಬೆಳಗ್ಗೆ ಒಂದೊಂದು ಗಂಟೆಯಂತೆ ವಾರ ಹಿಡಿಯುತ್ತದೆ. ವಾಕಿಂಗಿಗೆ ಹೋಗಿ ರಾಜಕೀಯ ಮಾತಾಡುವುದಕ್ಕಿಂತ ವಾಸಿ. ಮಣ್ಣು ತೇವವಿರಬೇಕು, ಕೆಸರಿರಬಾರದು. ಒಣನೆಲದಲ್ಲಿ ಪೈಪು ಇಳಿಯದು, ಕೆಸರಲ್ಲಿ ಕಡ್ಡಿ ಪೈಪಿನೊಳಗೇ ಕೂತುಬಿಡುತ್ತದೆ. ಕಿತ್ತ ಕಡ್ಡಿಗಳನ್ನು ಗುಡಿಸಿ ಎಸೆಯಬೇಡಿ. ಎರಡು ದಿನ ಬಿಸಿಲಿಗೆ ಬಿಟ್ಟು ಕುಂಟೆಯ ಬೆನ್ನಲ್ಲಿ ಪುಡಿ ಮಾಡಿದರೆ ಅಲ್ಲೇ ಬೆರೆಯುತ್ತದೆ.

ಆಮೇಲೆ ತೂತು ತುಂಬುವುದು. ಎರಡು ಪಾಲು ಮರಳು, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ. ಅರ್ಧ ಸೆಂಟಿಮೀಟರು ದಪ್ಪಕ್ಕೆ ಹರಡಿದರೆ ಗುಂಟೆಗೆ ಹದಿನೆಂಟು ಘನ ಅಡಿ, ಸುಮಾರು ನಲವತ್ತು ಬಾಂಡ್ಲಿ ಬೇಕಾಗುತ್ತದೆ. ತೆಂಗಿನ ಪೊರಕೆಯಿಂದ ಹಿಂದಕ್ಕೂ ಮುಂದಕ್ಕೂ ಗುಡಿಸಿದರೆ ತೂತುಗಳು ಅದನ್ನು ನುಂಗುತ್ತವೆ. ಎಂ ಸ್ಯಾಂಡ್ ಹಾಕುವವರು ತೊಳೆದು ಹಾಕಿ, ಅದರ ದೂಳು ತೂತಿನಲ್ಲಿ ಸಿಮೆಂಟಿನಂತೆ ಕೂರುತ್ತದೆ. ಗೊಬ್ಬರ ಹಸಿಯಾಗಿದ್ದರೆ ಜೇಕಿನ ಗೆಡ್ಡೆ ಜೊತೆಗೆ ಬರುವುದು ಖಂಡಿತ. ಜೇಕು ಒಮ್ಮೆ ಬಂತೆಂದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಇಷ್ಟು ಮಾಡಿ ಮುಗಿಸಿದ ದಿನ ಲಾನು ನೋಡಲಾಗದು. ಹಂದಿ ಕೆದಕಿದ ಹಾಗೆ. ಮೊದಲ ವರ್ಷ ಮನೆಯಾಕೆ ಕಿಟಕಿಯ ಪರದೆ ಎಳೆದಳು. ಕೆಲಸಕ್ಕೆ ಜೊತೆಯಾಗಿದ್ದ ಹಿರಿಯರೊಬ್ಬರು ಮಾತ್ರ ನಿಶ್ಚಿಂತೆಯಾಗಿದ್ದರು. "ರಾಗಿಗೆ ಹಲುಬೆ ಹೊಡೀವಾಗ ಹಿಂಗೇ ಅಲ್ವರಾ? ಹೊಡೆದ ದಿನ ಹೊಲ ಕೆಟ್ಟೋದಂಗೆ ಕಾಣ್ತದೆ, ವಾರಕ್ಕೆ ತೆಂಡೆ ಒಡೀತದೆ" ಎಂದರು. ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ತತ್ವವನ್ನು ನಮ್ಮ ರಾಗಿ ಹೊಲಗಳು ಎಂದೋ ಬಲ್ಲವು. ಎಳೆಯ ಪೈರಿನ ಮೇಲೆ ಹಲುಬೆ ಎಳೆದು, ಮೇಲ್ಮಣ್ಣು ಸಡಿಲಿಸಿ, ಕೆಲವನ್ನು ಕಿತ್ತು ಮಿಕ್ಕವಕ್ಕೆ ತೆಂಡೆ ಒಡೆಯಲು ಬಿಡುವುದು. ಲಾನಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಇನ್ನು ಬೀಜದ ಸಂಗತಿ. ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ, ಒಪ್ಪದವರು ಮನ್ನಿಸಬೇಕು. ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳು ಸೆಪ್ಟೆಂಬರಿನಲ್ಲಿ ತೂತು ಹೊಡೆದು ರೈ ಗ್ರಾಸ್ ಬೀಜ ಚೆಲ್ಲಿ ಎನ್ನುತ್ತವೆ. ಅದು ಚಳಿದೇಶದ ಹುಲ್ಲಿನ ಪಂಚಾಂಗ. ವಿಂಬಲ್ಡನ್ನಿನ ಅಂಕಣಗಳಲ್ಲಿ 2001ರಿಂದ ಪೂರ್ತಿ ರೈ ಗ್ರಾಸೇ ಇದೆ, ಪಂದ್ಯದ ಹೊತ್ತಿಗೆ ಅದನ್ನು 8 ಮಿಲಿಮೀಟರಿಗೆ ಕತ್ತರಿಸುತ್ತಾರೆ. ಚೆಂದವೇ. ಹಾಸನವನ್ನು ಬಡವರ ಊಟಿ ಎಂದು ಹೊಗಳಿದ್ದನ್ನು ನಾನು ನಿಜವೆಂದೇ ನಂಬಿ, ಒಂದು ಅಕ್ಟೋಬರಿನಲ್ಲಿ ಮೂರು ಕಿಲೋ ರೈ ಬೀಜ ತರಿಸಿ ಚೆಲ್ಲಿದೆ. ಏಳನೇ ದಿನಕ್ಕೆ ಮೊಳಕೆ. ಮಾಗಿಯಲ್ಲಿ ಗರಿಕೆ ಮಂಕಾಗಿ ಕೂತಾಗ ನಮ್ಮ ಅಂಗಳವೊಂದು ಗಿಳಿಹಸಿರು. ಸಂಕ್ರಾಂತಿಗೆ ಬಂದ ನೆಂಟರೆಲ್ಲ ಅದರ ಮೇಲೇ ಫೋಟೋ ತೆಗೆಸಿಕೊಂಡರು. ಶಿವರಾತ್ರಿಗೆ ತುದಿ ಒಣಗತೊಡಗಿತು. ಯುಗಾದಿ ಹೊತ್ತಿಗೆ ಎಲ್ಲ ಹುಲ್ಲು ತರಗು. ಅದರ ನೆರಳಲ್ಲಿ ಉಸಿರುಗಟ್ಟಿದ್ದ ಗರಿಕೆಯೂ ಅರ್ಧ ಸತ್ತಿತ್ತು. ಊಟಿ ಇರುವುದು ಏಳು ಸಾವಿರ ಅಡಿಗೂ ಮೇಲೆ, ನಾವು ಮೂರು ಸಾವಿರದ ಆಸುಪಾಸಿನಲ್ಲಿ. ಊಟಿಯ ಫರ್ನ್‌ಹಿಲ್‌ನಲ್ಲಿ ನಮ್ಮ ರಾಜ್ಯದ ತೋಟಗಾರಿಕೆ ಇಲಾಖೆಯೇ 38 ಎಕರೆಯ ಉದ್ಯಾನ ಇಟ್ಟಿದೆ. ಚಳಿಹುಲ್ಲಿನ ಸುಖ ಬೇಕಾದವರು ಅಲ್ಲಿಗೆ ಹೋಗಿ ನೋಡಿ ಬರಲಿ. ಮಾರ್ಚಿನಲ್ಲಿ ಮೂವತ್ತು ಡಿಗ್ರಿ ದಾಟುವ ನಮ್ಮೂರಿನಲ್ಲಿ ರೈ ಗ್ರಾಸು ನೆಂಟ, ಒಕ್ಕಲಲ್ಲ.

ನಮ್ಮ ಒಕ್ಕಲು ಗರಿಕೆಯೇ. ಗಣಪತಿಗೆ ಇಪ್ಪತ್ತೊಂದು ಎಳೆ ಏರಿಸುವ ಅದೇ ಹುಲ್ಲು. 2023ರ ಬರದಲ್ಲಿ ಕುಡಿಯುವ ನೀರಿಗೇ ಟ್ಯಾಂಕರು ಕಾಯುವಾಗ ಲಾನಿಗೆ ನೀರು ಬಿಡುವ ಮುಖ ನನಗಿರಲಿಲ್ಲ. ತಿಂಗಳುಗಟ್ಟಲೆ ಬಿಟ್ಟೆ. ಮೇಲೆಲ್ಲ ಬೂದಿಬಣ್ಣವಾಯಿತು. ಮುಂದಿನ ವರ್ಷ ಮಳೆ ಬಿದ್ದ ಹತ್ತೇ ದಿನಕ್ಕೆ ಗೆಣ್ಣುಗೆಣ್ಣಿನಲ್ಲೂ ಚಿಗುರು. ತೂತು ಹೊಡೆದ ಕಡೆ ಮೊದಲು, ಹೊಡೆಯದೆ ಉಳಿಸಿದ್ದ ಅಂಚಿನಲ್ಲಿ ತಡವಾಗಿ. ಇದು ಬಿಸಿಲುಕಾಲದ ಹುಲ್ಲು, ಬೆಳೆಯುವ ಹುಮ್ಮಸ್ಸಿರುವಾಗಲೇ ಇದಕ್ಕೆ ಗಾಯ ಮಾಡಬೇಕು. ಆದ್ದರಿಂದ ನಮ್ಮಲ್ಲಿ ಹೊತ್ತು ಸೆಪ್ಟೆಂಬರಲ್ಲ. ರೋಹಿಣಿಯಿಂದ ಆರಿದ್ರದವರೆಗೆ.

ಬೀಜವೇ ಬೇಕೆನ್ನುವವರಿಗೆ ಗರಿಕೆ ಬೀಜ ಸಿಗುತ್ತದೆ. ರಾಗಿಗಿಂತ ಎಷ್ಟೋ ಸಣ್ಣದು, ಕಿಲೋಗೆ ಲಕ್ಷಗಟ್ಟಲೆ ಬೀಜ, ಗುಂಟೆಗೆ ಅರ್ಧ ಕಿಲೋ ಧಾರಾಳ. ಕೂರಿಗೆಗೆ ಬಿಡುವ ರಾಗಿಯಂತೆ ಪುಡಿಗೊಬ್ಬರದ ಜೊತೆ ಬೆರೆಸಿ ಚೆಲ್ಲಿ, ಆಳಕ್ಕೆ ಹೂಳಬೇಡಿ. ಎರಡು ಮೂರು ವಾರ ಕಾಯಬೇಕು. ಅಷ್ಟರಲ್ಲಿ ಇರುವೆ ಸಾಗಿಸಿದ್ದು, ರಾಟವಾಳ ಹೆಕ್ಕಿದ್ದು ಕಳೆದು ಉಳಿದದ್ದು ನಿಮ್ಮದು.

ನಾನು ಬೀಜ ಬಿಟ್ಟು ಬಗ್ಗಡಕ್ಕೆ ಬಂದಿದ್ದೇನೆ. ಗಟ್ಟಿ ಗರಿಕೆ ಬಳ್ಳಿಯನ್ನು ಎರಡು ಗೆಣ್ಣಿಗೊಂದರಂತೆ ಕುಡುಗೋಲಿನಲ್ಲಿ ಕತ್ತರಿಸಿ, ಸಗಣಿ, ಮಣ್ಣು, ಒಂದು ಹಿಡಿ ಬೂದಿ, ನೀರು ಹಾಕಿ ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕೆರೆದ ಬೋಳುಜಾಗದ ಮೇಲೆ ಒಂದು ಬೆರಳು ದಪ್ಪ ಬಳಿಯುವುದು. ಮೇಲೆ ಹುಲ್ಲು ಮುಚ್ಚಿ ದಿನಾ ನೀರು ಚಿಮುಕಿಸಿದರೆ ಎರಡು ವಾರದಲ್ಲಿ ಬಗ್ಗಡ ಸೀಳಿಕೊಂಡು ಸೂಜಿಯಂಥ ಚಿಗುರು ಏಳುತ್ತದೆ. ಇದು ಲಾನು ಹಾಕುವವರು ಬಲ್ಲ ಹಳೆಯ ವಿಧಾನ. ಕಣ ಸಾರಿಸಿದ ಅದೇ ಸಗಣಿ ಬಗ್ಗಡವೇ ಈಗ ಹುಲ್ಲು ಹುಟ್ಟಿಸುತ್ತದೆ ಎಂಬುದು ನನಗೆ ಪ್ರತಿ ಸಲವೂ ನಗು ತರಿಸುತ್ತದೆ. ಬಳ್ಳಿ ತರುವುದು ಎಲ್ಲಿಂದ ಎಂದಿರಾ? ಹಾಲಿನ ಕ್ಯಾನಿನವರು ಗಾಡಿ ಕಳಿಸುತ್ತೇನೆ ಎಂದದ್ದನ್ನು ನಾನು ಮರೆತಿಲ್ಲ.

ಎಲ್ಲ ಬೋಳಿಗೂ ಇದು ಮದ್ದಲ್ಲ. ಹಲಸಿನ ಮರದ ಕೆಳಗೆ ಗರಿಕೆ ಬದುಕದು, ಅದಕ್ಕೆ ಬಿಸಿಲು ಬೇಕು. ಅಲ್ಲಿ ನಾಲ್ಕು ವರ್ಷ ಹಣ ಸುರಿದು ಈಗ ಎರಡು ಕಲ್ಲುಬೆಂಚು ಹಾಕಿದ್ದೇನೆ.

ಗಾಳಿ ಆಡಿಸಲು ದುಡ್ಡೂ ಸುರಿಯಬಹುದು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಹುಲ್ಲಿನ ಕೆಳಗೆ ಕೊಳವೆಜಾಲ ಹೂತರು. ಅದು ಮಳೆನೀರನ್ನು ಕೆಳಗಿನಿಂದ ಹೀರುತ್ತದೆ, ಬೇರಿಗೆ ಗಾಳಿಯನ್ನೂ ಊದುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಶುರುವಾಗುವುದನ್ನು ಟಿವಿಯಲ್ಲಿ ನೋಡಿ ನಾವೆಲ್ಲ ಚಪ್ಪಾಳೆ ತಟ್ಟಿದ್ದೇವೆ. ನನ್ನ ಜೋಡಿ ಪೈಪು ಅದರ ಬಡ ತಮ್ಮ. ಕಳೆದ ವಾರ ಕಿತ್ತ ಕಡ್ಡಿಯಲ್ಲಿ ಬೇರು ಐದು ಬೆರಳು ಇಳಿದಿತ್ತು. ಒಂದು ಕಡ್ಡಿಯ ನಡುವೆ ಎರೆಹುಳು ಮುದುರಿ ಮಲಗಿತ್ತು. ಪೈಪಿನ ಬಾಯಿಯಿಂದ ಹುಷಾರಾಗಿ ಬಿಡಿಸಿ ವಾಪಸು ತೂತಿಗೇ ಇಳಿಸಿದೆ.

ಆರಿದ್ರ ಜೂನ್ 22ರ ಸುಮಾರಿಗೆ ಹುಟ್ಟುತ್ತದೆ. ಅಷ್ಟರೊಳಗೆ ನನ್ನ ಅಂಗಳ ಮುಗಿದಿರುತ್ತದೆ, ಪೈಪು ಹಿತ್ತಲ ಬಾಗಿಲ ಪಕ್ಕ ಒರಗಿರುತ್ತದೆ. ಕಟ್ಟಾಯ ಸೀಮೆಯವರು ಬೇಕಾದರೆ ಬಂದು ಒಯ್ಯಬಹುದು. ಮಣ್ಣು ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಸವರಿ ವಾಪಸು ತಂದಿಡಬೇಕು. ಹೋದ ವರ್ಷ ಒಯ್ದವರು ತುಕ್ಕು ಹಿಡಿಸಿ ಕೊಟ್ಟರು.