ಅನ್ಯೋನ್ಯತೆ ಅಂದರೆ ಪಾಲು
ಗಂಡ ಹೆಂಡತಿ ಹೊಂದಿಕೊಂಡು ಬಾಳಿದರೆ ಅನ್ಯೋನ್ಯವಾಗಿದ್ದಾರೆ ಅನ್ನುತ್ತೇವೆ. ಕನ್ನಡ ಬೈಬಲ್ಲು ವಿಶ್ವಾಸಿಗಳ ನಂಟಿಗೆ ಬಳಸುವುದೂ ಇದೇ ಮಾತನ್ನು: ಅನ್ಯೋನ್ಯತೆ. ಚೆಂದದ ಮಾತೇ, ಆದರೆ ಮೂಲದ ಅರ್ಧ ಅರ್ಥ ಅದರಲ್ಲಿ ಉಳಿದಿಲ್ಲ. ಗ್ರೀಕಿನ ‘ಕೊಯಿನೋನಿಯಾ’ದ ಒಳಗಿರುವುದು ಪಾಲು. ಲೂಕನ ಸುವಾರ್ತೆಯಲ್ಲಿ ಸೀಮೋನನ ಜೊತೆ ಮೀನು ಹಿಡಿಯುವ ಪಾಲುಗಾರರಿಗೆ ಅದೇ ಬೇರಿನ ಪದವಿದೆ. ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಪೌಲ ಕರೆದದ್ದೂ ಅದೇ ಪದದಿಂದ. ಕಂಪ್ಲಿಯ ಹೊಳೆಯಲ್ಲಿ ಹರಿಗೋಲು ಹಾಕಿ ಬಲೆ ಎಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನಸ್ಸು ಬಂದರೆ ಕೊಡುವುದಕ್ಕೆ ಯಾರೂ ಪಾಲು ಅನ್ನುವುದಿಲ್ಲ. ಅದರಲ್ಲೂ ವಿಶ್ವಾಸಿಗಳು ಪಾಲು ಹೊಂದಿರುವುದು ದೇವರ ಕೃಪೆಯಲ್ಲಿ, ಅದು ಯಾರೂ ದುಡಿದು ಗಳಿಸಿದ್ದಲ್ಲ. ಹಾಗಿದ್ದ ಮೇಲೆ ಇನ್ನೊಬ್ಬರ ಪಾಲನ್ನು ಅಳೆಯುವ ಹಕ್ಕು ನಮಗೆಲ್ಲಿಂದ ಬಂತು?

ಹೊಸಪೇಟೆಯಲ್ಲಿ ನಾನು ಹೋಗುವ ಶುಕ್ರವಾರದ ಮನೆಕೂಟವನ್ನು ಪಾಲು ಎಂಬ ಈ ಅರ್ಥದಿಂದಲೇ ನೋಡುತ್ತೇನೆ. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳಲ್ಲಿ ಒಂದೆರಡು ಜೊತೆಗೆ ಸಂಡೂರಿನ ಕೆಂಪು ಧೂಳು ಮೆತ್ತಿರುತ್ತದೆ. ಒಂದು ಚಾಪೆ, ಇಬ್ಬರಿಗೊಂದು ಬೈಬಲ್ಲು. ಗಾರೆ ಕೆಲಸದ ಅಣ್ಣ ತೆಲುಗಿನಲ್ಲಿ ಪ್ರಾರ್ಥಿಸಿದರೆ ಎಲ್ಲರೂ ಆಮೆನ್ ಅನ್ನುತ್ತೇವೆ. ಒಮ್ಮೆ ಒಬ್ಬ ಅಕ್ಕ ಮಗಳ ಜ್ವರದ ಮಾತು ಎತ್ತಿ ಅತ್ತರು. ಮರುದಿನ ಬೆಳಿಗ್ಗೆ ಇಬ್ಬರು ಕ್ಯಾರಿಯರ್‌ನಲ್ಲಿ ಗಂಜಿ ಹಿಡಿದು ಆಸ್ಪತ್ರೆಯಲ್ಲಿದ್ದರು. ಎಷ್ಟೋ ಭಾನುವಾರಗಳ ಪ್ರಸಂಗದಲ್ಲಿ ನನಗೆ ಸಿಗದ ಅರ್ಥ ಆ ಗಂಜಿಯಲ್ಲಿ ಸಿಕ್ಕಿತು.

ಈ ಸೀಮೆಗೆ ಬೈಬಲ್ಲಿನ ಮಾತು ಹೊಸದೂ ಅಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲ್ಲನ್ನು ಕನ್ನಡಕ್ಕೆ ತಂದ ಮೊದಲಿಗರಲ್ಲಿ ಒಬ್ಬರಾದರು. ಆದರೆ ಮಿಷನ್ನಿಗೊಂದು ಸಭೆ ಕಟ್ಟಿ, ಒಬ್ಬರ ಮೇಜಿನಲ್ಲಿ ಇನ್ನೊಬ್ಬರು ರೊಟ್ಟಿ ಮುರಿಯದಂತೆ ಆದದ್ದೂ ಆ ಕಾಲದಲ್ಲೇ. 1910ರ ಎಡಿನ್‌ಬರೋ ಮಿಷನರಿ ಸಮ್ಮೇಳನದಲ್ಲಿ ಭಾರತದ ಪಾದ್ರಿ ವಿ. ಎಸ್. ಅಜರಯ್ಯ ಎದ್ದು ನಿಂತು, ನಮಗೆ ಬೇಕಾದದ್ದು ಸ್ನೇಹಿತರು ಎಂದು ಮಿಷನರಿಗಳ ಮುಖಕ್ಕೇ ಹೇಳಿದರು. ಸಭೆಗಳು ಒಂದಾಗಲಿ ಎಂದು 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದವರಲ್ಲೂ ಅವರಿದ್ದರು. ಒಂದಾಗುವ ಆ ಆಸೆ ಫಲಿಸಿದ್ದು 1947ರ ಸೆಪ್ಟೆಂಬರ್ 27ರಂದು, ದಕ್ಷಿಣ ಭಾರತ ಸಭೆಯಾಗಿ. ಬಿಷಪ್ಪರನ್ನು ಒಪ್ಪುವವರೂ ಒಪ್ಪದವರೂ ಒಂದೇ ಮೇಜಿಗೆ ಬಂದರು. ಅಜರಯ್ಯ ಅದನ್ನು ನೋಡಲು ಉಳಿದಿರಲಿಲ್ಲ.

ಅಷ್ಟು ದೊಡ್ಡ ಗೋಡೆ ಬಿತ್ತು. ಮನೆಯೊಳಗಿನ ಗೋಡೆ ಬಿದ್ದಿಲ್ಲ. ಮಗಳಿಗೆ ಗಂಡು ನೋಡುವಾಗ ‘ನಮ್ಮವರು’ ಎಂಬ ಮಾತು ಇನ್ನೂ ಜಾತಿಯನ್ನೇ ಹುಡುಕುತ್ತದೆ. ಒಂದು ಕೂಟದಲ್ಲಿ ಒಗ್ಗರಣೆ ಮಂಡಕ್ಕಿಯ ಜೊತೆ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು. ರಸ್ತೆ ಗುಡಿಸುವ ಕೆಲಸದ ಒಬ್ಬ ಅಮ್ಮನಿಗೆ ಕಾಗದದ ಕಪ್ಪಿನಲ್ಲಿ. ಲೋಟ ಸಾಲಲಿಲ್ಲ ಎಂದರು. ನನ್ನ ಪಕ್ಕದಲ್ಲೇ ಎರಡು ಲೋಟ ಖಾಲಿ ಇದ್ದವು. ಉಳ್ಳವರು ಮೊದಲೇ ಉಂಡು ಬಡವರನ್ನು ಹಸಿದಿರಲು ಬಿಟ್ಟಿದ್ದಕ್ಕೆ ಕೊರಿಂಥದವರನ್ನು ಪೌಲ ಗದರಿದ್ದು ನೆನಪಾಯಿತು. ಬಾಯಿ ಮಾತ್ರ ಬರಲಿಲ್ಲ.

ಮುಂದಿನ ವಾರ ಆ ಅಮ್ಮ ಬರಲಿಲ್ಲ. ಅವರಿಗಾಗಿ ಪ್ರಾರ್ಥನೆ ಮಾಡಿದೆವು. ಅವರ ಮನೆಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ.