ಸುಳ್ಳಾಡುವವರು, ಸುಳ್ಳಾಡಿಸುವವರು
‘ನಾನು ಅವನಲ್ಲ... ಅವಳು’ ಚಿತ್ರವನ್ನು ಕುರಿತು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಜನರಿಗೆ ಗಂಡು ಹೆಣ್ಣಾಗಿ ಕಾಣಿಸಿಕೊಳ್ಳುವುದು ಅಪರಿಚಿತ ಸಂಗತಿಯಲ್ಲ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನು ಬೆಳೆಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆಯ ಪಾತ್ರವನ್ನು ಬಹುಕಾಲ ಗಂಡಸರೇ ಕಟ್ಟಿದರು. ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಆ ಆಟದಲ್ಲಿ ಹೆಸರಾದುದು ಅನಂತರದ ಮಾತು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದುಕೊಳ್ಳುವ ಮನೆತನಗಳು ಸೀರೆಯುಟ್ಟ ಜೋಗಪ್ಪನಿಗೆ ಕೈಮುಗಿದು ಜೋಗ ನೀಡುತ್ತವೆ. ಆಟದ ವೇಷವೆಂದರೆ ಮೆಚ್ಚುಗೆ, ದೇವಿಯ ಇಚ್ಛೆಯೆಂದರೆ ಭಯಭಕ್ತಿ. ಇವೆರಡರ ಆಶ್ರಯವೂ ಇಲ್ಲದೆ ಮನೆಯ ಮಗನೊಬ್ಬ ಪಡಸಾಲೆಯಲ್ಲಿ ನಿಂತು ‘ನಾನಿರುವುದೇ ಹೀಗೆ’ ಎಂದರೆ ಮಾತ್ರ ಅವನಿಗೆ ಆ ಮನೆಯಲ್ಲಿ ಸ್ಥಳವಿಲ್ಲ.

ಬಿ.ಎಸ್. ಲಿಂಗದೇವರು ನಿರ್ದೇಶಿಸಿದ, 2015ರಲ್ಲಿ ತೆರೆಕಂಡ ‘ನಾನು ಅವನಲ್ಲ... ಅವಳು’ ಚಿತ್ರದ ವಸ್ತು ಇಂತಹ ಮಗನದೇ. ಲಿವಿಂಗ್ ಸ್ಮೈಲ್ ವಿದ್ಯಾ ಅವರು ತಮಿಳಿನಲ್ಲಿ ಬರೆದ ಆತ್ಮಕಥೆ ಇದಕ್ಕೆ ಆಧಾರ. ಹಳ್ಳಿಯ ಹುಡುಗ ಮಾದೇಶನ ಒಳಗೆ ಹೆಣ್ಣಿನ ಭಾವವಿದೆ. ಅದನ್ನು ಅಪ್ಪನಿಂದ, ಓರಗೆಯವರಿಂದ, ಊರಿನಿಂದ ಮುಚ್ಚಿಡುತ್ತ ಬೆಳೆಯುವ ಆತ ಕೊನೆಗೆ ಮನೆಯನ್ನು ತೊರೆದು ತನ್ನಂಥವರ ನಡುವೆ ಸೇರಿ, ಭಿಕ್ಷೆ ಬೇಡಿ, ಶಸ್ತ್ರಕ್ರಿಯೆಗೆ ಒಳಗಾಗಿ ವಿದ್ಯಾ ಆಗುತ್ತಾನೆ; ಆಗುತ್ತಾಳೆ ಎನ್ನುವುದೇ ಸರಿ. ಮಾದೇಶನಾಗಿ ಅಭಿನಯಿಸಿದ ಸಂಚಾರಿ ವಿಜಯ್ ಅವರಿಗೆ 62ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಚಿತ್ರದ ಪ್ರಸಾಧನಕ್ಕೂ ಪ್ರಶಸ್ತಿ ದೊರೆಯಿತು. ಆ ನಟ 2021ರ ಜೂನ್‌ನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದುದು ಕನ್ನಡಕ್ಕಾದ ದೊಡ್ಡ ನಷ್ಟ.

ಹೆಣ್ಣಿಗನ ಪಾತ್ರವೆಂದರೆ ನಗೆಗೆ ಮೀಸಲೆಂದು ನಮ್ಮ ಜನಪ್ರಿಯ ಚಿತ್ರಗಳು ಬಹುಕಾಲ ತಿಳಿದಿದ್ದವು. ವಿಜಯ್ ಆ ಚಾಳಿಯನ್ನು ಸಂಪೂರ್ಣ ಬಿಟ್ಟಿದ್ದಾರೆ. ಅವರ ಅಭಿನಯದ ಹೆಚ್ಚಳವಿರುವುದು ಸೀರೆಯುಟ್ಟ ಭಾಗದಲ್ಲಲ್ಲ. ಅಂಗಿ ತೊಟ್ಟು ಗಂಡಸಿನಂತೆ ನಡೆಯಲು ಹೆಣಗುವ ಭಾಗದಲ್ಲಿ. ತನ್ನ ಕೈಗಳನ್ನೂ ದನಿಯನ್ನೂ ತಾನೇ ಕಾವಲು ಕಾಯುವವನ ದಣಿವು ಅಲ್ಲಿ ಕಾಣುತ್ತದೆ. ವೇಷ ಯಾವುದು ಎಂಬುದನ್ನು ಪ್ರೇಕ್ಷಕ ಆಗಲೇ ಅರಿಯುತ್ತಾನೆ.

ಧರ್ಮಭೀರುವಾದ ಶ್ರಾವಕನೊಬ್ಬ ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಮನಸ್ಸಿನಲ್ಲಿ ಒಂದು, ನಡೆಯಲ್ಲಿ ಇನ್ನೊಂದು ಇದ್ದರೆ ಅದು ಮಾಯಾಕಷಾಯವಲ್ಲವೇ? ವರ್ಷಗಟ್ಟಲೆ ತಂದೆಯನ್ನು ವಂಚಿಸಿದ ಮಾದೇಶ ಸತ್ಯವ್ರತಕ್ಕೆ ಹೊರಗಾದವನಲ್ಲವೇ? ಆಕ್ಷೇಪ ಹಗುರವಾದುದಲ್ಲ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ಹೇಳುವಾಗ ಸ್ಥೂಲವಾದ ಸುಳ್ಳನ್ನು ತಾನು ಆಡುವುದನ್ನಷ್ಟೇ ನಿಷೇಧಿಸಿಲ್ಲ. ಇತರರಿಂದ ಆಡಿಸುವುದನ್ನೂ ನಿಷೇಧಿಸಿದ್ದಾರೆ. ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುವ ಧರ್ಮದಲ್ಲಿ ಮಾದೇಶನ ಸುಳ್ಳಿಗೆ ಕರ್ತೃ ಅವನೊಬ್ಬನೇ ಅಲ್ಲ. ನಿಜ ಹೇಳಿದರೆ ಏಟು ಎಂದು ಮೊದಲೇ ತಿಳಿಸಿಟ್ಟ ಅಪ್ಪ ಕಾರಿತದಲ್ಲಿದ್ದಾನೆ. ನಕ್ಕ ಊರು ಅನುಮತದಲ್ಲಿದೆ. ಬಾಲಕನದು ವಂಚನೆಗಿಂತ ಹೆಚ್ಚಾಗಿ ಭಯ.

ಇನ್ನು ಆ ಭಾವದ ವಿಚಾರ. ದೇಹದ ಚಿಹ್ನೆ ಬೇರೆ, ಒಳಗಿನ ಬಯಕೆ ಬೇರೆ ಇರಬಹುದೆಂಬುದನ್ನು ಜೈನಾಗಮ ಇಂದಿನ ವಿಜ್ಞಾನದಿಂದ ಕಲಿಯಬೇಕಾಗಿಲ್ಲ. ದ್ರವ್ಯವೇದ, ಭಾವವೇದ ಎಂಬ ಭೇದ ಹಳೆಯದು. ಸ್ತ್ರೀವೇದ, ಪುರುಷವೇದ, ನಪುಂಸಕವೇದ ಮೂರೂ ಚಾರಿತ್ರಮೋಹನೀಯ ಕರ್ಮದ ನೋಕಷಾಯಗಳು. ಗೊಮ್ಮಟಸಾರವು ಅವನ್ನು ಹುಲ್ಲಿನ ಬೆಂಕಿ, ಬೆರಣಿಯ ಬೆಂಕಿ, ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸಿ ತಾರತಮ್ಯ ಮಾಡಿದೆ ನಿಜ. ನಪುಂಸಕನಿಗೆ ಮುನಿದೀಕ್ಷೆಯನ್ನು ನಿರಾಕರಿಸಿದ ಶಾಸ್ತ್ರವಾಕ್ಯಗಳೂ ಇವೆ, ಅವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಪುರುಷವೇದವೂ ಬೆಂಕಿಯೇ. ಗಂಡಸಿನ ಗಂಡುತನ ಕರ್ಮೋದಯದ ಆಚೆಗಿನ ಯೋಗ್ಯತೆಯೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಮಾದೇಶನ ಅಪ್ಪ ಮೀಸೆ ತಿರುವಿ ಹೇಳುವುದಾದರೂ ಏನನ್ನು?

ಶಸ್ತ್ರಕ್ರಿಯೆಯನ್ನು ಆ ಸಮುದಾಯ ‘ನಿರ್ವಾಣ’ ಎಂದು ಕರೆಯುತ್ತದೆ. ಜೈನ ಓದುಗರ ಕಿವಿಗೆ ಈ ಶಬ್ದ ತಟ್ಟದಿರದು. ಒಂಬತ್ತನೆಯ ಶತಮಾನದ ಯಾಪನೀಯ ಆಚಾರ್ಯ ಶಾಕಟಾಯನರು ಹೆಣ್ಣಿಗೂ ನಿರ್ವಾಣವುಂಟೆಂದು ವಾದಿಸಿ ಒಂದು ಪ್ರಕರಣವನ್ನೇ ಬರೆದರು. ಆ ಯಾಪನೀಯರು ಬೆಳಗಾವಿ, ಧಾರವಾಡಗಳ ನೆಲದಲ್ಲಿ ಬಾಳಿದವರು. ಅಲ್ಲಿ ನಿರ್ವಾಣವೆಂದರೆ ವೇದತ್ರಯದಿಂದಲೇ ಬಿಡುಗಡೆ. ಇಲ್ಲಿ ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ನೋವು. ಎರಡೂ ಒಂದೆನ್ನಲಾಗದು, ಆದರೂ ಅಷ್ಟು ದೊಡ್ಡ ಮಾತನ್ನು ಆ ನೋವಿಗೆ ಇಟ್ಟವರ ಆರ್ತತೆಯನ್ನು ಚಿತ್ರ ಅರಿತಿದೆ.

ಮಾದೇಶನ ಕಥೆ ಲಿಂಗಭಾವಕ್ಕೆ ಸಂಬಂಧಿಸಿದ್ದು; ಗಂಡು ಗಂಡನ್ನೇ ಒಲಿಯುವ ಸಂಗತಿ ಬೇರೆ, ವಸುಧೇಂದ್ರರ ‘ಮೋಹನಸ್ವಾಮಿ’ಯ ಕಥೆಗಳು ಆ ದಾರಿಯವು. ಬಚ್ಚಿಡುವ ಸಂಕಟ ಮಾತ್ರ ಎರಡರಲ್ಲೂ ಒಂದೇ. ಅದರ ಮದ್ದೆಂದು ನಮ್ಮವರು ಬಲ್ಲದ್ದೂ ಒಂದೇ, ಮದುವೆ. ಗೋಕಾಕದ ಮನೆಯೊಂದು ಹುಕ್ಕೇರಿಯಿಂದ ಹೆಣ್ಣು ತರುವಾಗ ಮನೆತನ, ಹೊಲ, ನೌಕರಿ ಎಲ್ಲವನ್ನೂ ವಿಚಾರಿಸುತ್ತಾರೆ, ಮಗನ ಮನಸ್ಸೊಂದನ್ನು ಬಿಟ್ಟು. ಒಬ್ಬನಿಂದ ಆಡಿಸಿದ ಸುಳ್ಳು ಅಲ್ಲಿ ಏನೂ ಅರಿಯದ ಇನ್ನೊಂದು ಜೀವದ ಹಿಂಸೆಯಾಗುತ್ತದೆ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಗುರುತನ್ನು ಮನ್ನಿಸಿತು. 2018ರ ಸೆಪ್ಟೆಂಬರ್‌ನಲ್ಲಿ ಸಮ್ಮತಿಯ ಸಲಿಂಗಪ್ರೇಮವನ್ನು ಅಪರಾಧದಿಂದ ಮುಕ್ತಗೊಳಿಸಿತು. 2021ರಲ್ಲಿ ಕರ್ನಾಟಕ ಸರಕಾರ ನೌಕರಿಯಲ್ಲಿ ಶೇಕಡಾ 1ರ ಮೀಸಲಾತಿಯನ್ನೂ ಕೊಟ್ಟಿತು. ಆದರೆ ಹೆಣ್ಣು ನೋಡಲು ಹೊರಟವರ ಗಾಡಿಯನ್ನು ಯಾವ ತೀರ್ಪೂ ನಿಲ್ಲಿಸಲಾರದು.

ಚಿತ್ರದ ದೊಡ್ಡ ಕೊರತೆಯಿರುವುದೂ ಈ ಮನೆಯ ಬಳಿಯಲ್ಲಿಯೇ. ಮಾದೇಶ ಮನೆ ತೊರೆದ ಮೇಲಿನ ಕಥೆ ಒಂದು ಕಷ್ಟದ ಬೆನ್ನಿಗೆ ಇನ್ನೊಂದು ಕಷ್ಟವನ್ನು ಪೋಣಿಸುತ್ತ ಸಾಗುತ್ತದೆ. ಇಷ್ಟೆಲ್ಲ ಬೆಂದರೆ ಮಾತ್ರ ಕರುಣೆಗೆ ಪಾತ್ರಳೇನೋ ಎಂಬ ಅನುಮಾನ ಪ್ರೇಕ್ಷಕನಲ್ಲಿ ಮೂಡುತ್ತದೆ. ಅಪ್ಪನಾದರೋ ಒಂದೇ ಬಣ್ಣದ ಮನುಷ್ಯ. ಅವನೂ ಊರಿಗೆ ಹೆದರಿದವನೇ. ಮಗನಂತೆ ಅವನೂ ಏನನ್ನೋ ಮುಚ್ಚಿಟ್ಟುಕೊಂಡೇ ಕಟ್ಟೆಯ ಮೇಲೆ ಕುಳಿತಿದ್ದಾನೆ. ಆ ಹೆದರಿಕೆಯ ಎದುರು ಲಿಂಗದೇವರು ಒಂದಿಷ್ಟು ಹೊತ್ತು ಕ್ಯಾಮೆರಾವನ್ನು ನಿಲ್ಲಿಸಿದ್ದರೆ, ಚಿತ್ರ ನೋಡಿ ಮನೆಗೆ ಮರಳಿದ ತಂದೆಯೊಬ್ಬ ತನ್ನ ಮಗನ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದನೇನೋ.